ಸಂಜೆಯ ಬಸ್ಸಿಗೆ ಹೊರಡುವ ಕ್ರಾಂತಿಕಾರಿ

ನೆವಿಲ್ ಸ್ಟಾನಿಫೋರ್ತನಿಗೆ ಡೇರೆಯಲ್ಲಿ ಮಲಗುವ ಉದ್ದೇಶ ಮೊದಲಿನಿಂದಲೂ ಇರಲಿಲ್ಲ. ಆ ವರ್ಷ ಚಳಿಗಾಲದ ಬಾಯಲ್ಲಿ ಶೆಫೀಲ್ಡಿನ ದೊಡ್ಡ ಚರ್ಚಿನ ಅಂಗಳದಲ್ಲಿ ಬ್ಯಾಂಕುಗಳ ವಿರುದ್ಧ ಪ್ರತಿಭಟಿಸುವವರ ಡೇರೆಗಳು ಎದ್ದಾಗಿನಿಂದ ಅವನು ಅಲ್ಲಿಗೆ ಹೋಗುತ್ತಿದ್ದದ್ದು, ಹಿಂದೆ ಕಾರ್ಖಾನೆಗೆ ಹೋಗುತ್ತಿದ್ದ ಹಾಗೆಯೇ. ಬೆಳಗ್ಗೆ ಎದ್ದು ಹೆಂಡತಿ ಬೆರಿಲ್‌ಳ ಮೈ ಒರೆಸಿ, ಓಟ್ಸ್ ಗಂಜಿ ತಿನ್ನಿಸಿ, ಮಾತ್ರೆ ಕೊಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೊರಡುತ್ತಿದ್ದ. ಮಧ್ಯಾಹ್ನ ನಗರಸಭೆಯ ಕಡೆಯಿಂದ ಆರೈಕೆಯ ಹೆಂಗಸೊಬ್ಬಳು ಬಂದು ಹೋಗುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ನೆವಿಲ್ ಮನೆ ಸೇರಲೇಬೇಕು. ಹಗಲೆಲ್ಲ ಹೇಗೋ ಗೋಡೆ ಹಿಡಿದು ಓಡಾಡುತ್ತಿದ್ದ ಬೆರಿಲ್ ರಾತ್ರಿಯಾದರೆ ಕೊರಡಾಗುತ್ತಿದ್ದಳು. ಪಾರ್ಕಿನ್ಸನ್ ಕಾಯಿಲೆ. ಮಗ್ಗುಲು ಬದಲಿಸಬೇಕಾದರೂ ಅವನ ಕೈ ಬೇಕು.

ಅವನು ಹುಡುಗನಾಗಿದ್ದಾಗ ಸೇರಿ, ತಲೆ ನೆರೆಯುವವರೆಗೂ ದುಡಿದದ್ದು ಒಂದೇ ಕಾರ್ಖಾನೆಯಲ್ಲಿ. ಅಲ್ಲಿ ಅರಗಳನ್ನು ಮಾಡುತ್ತಿದ್ದರು, ಕಬ್ಬಿಣ ಉಜ್ಜುವ ಅರ. ಲಂಡನ್ನಿನ ಯಾವುದೋ ಹೂಡಿಕೆಯ ಕಂಪನಿ ಅದನ್ನು ಕೊಂಡಿತು. ಕೊಂಡವರು ಮೊದಲು ಯಂತ್ರ ಮಾರಿದರು, ಆಮೇಲೆ ನೆಲ ಮಾರಿದರು. ಕೊನೆಗೆ ನೋಡಿದರೆ ಕೆಲಸಗಾರರ ಪಿಂಚಣಿಯ ಗಂಟೂ ಟೊಳ್ಳಾಗಿತ್ತು. ಯಾರೂ ಜೈಲಿಗೆ ಹೋಗಲಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತಂತೆ. ಆ 'ಕಾನೂನಿನ ಪ್ರಕಾರ' ಎನ್ನುವ ಮಾತು ನೆವಿಲ್‌ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಡೇರೆಯ ಹುಡುಗರು ಬ್ಯಾಂಕುಗಳ ಬಗ್ಗೆ, ಬಂಡವಾಳದ ಬಗ್ಗೆ ಆಡುತ್ತಿದ್ದ ದೊಡ್ಡ ಮಾತುಗಳಲ್ಲಿ ಅರ್ಧ ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಮುಳ್ಳಿನ ವಿಷಯ ಬಹಿರಂಗವಾಗಿ ಮಾತಾಡುವ ಜಾಗ ಊರಿನಲ್ಲಿ ಬೇರೆ ಇರಲಿಲ್ಲ. ಹಾಗಾಗಿ ಅಡುಗೆಯ ಡೇರೆಯಲ್ಲಿ ಸೂಪು ಬೇಯಿಸುವ ಕೆಲಸ ಹಿಡಿದು ನಿಂತುಬಿಟ್ಟ.

ಊರಿನವರಿಗೆ ಡೇರೆಗಳೆಂದರೆ ತಮಾಷೆ. ಆಫೀಸಿಗೆ ಹೋಗುವವರು "ಒಂದು ಕೆಲಸ ಹುಡುಕ್ಕೊಳ್ರಪ್ಪಾ" ಎಂದು ಹೇಳಿಯೇ ಮುಂದೆ ಹೋಗುವರು. ಯಾರಾದರೂ ಹುಡುಗ ಅಂಗಡಿಯಿಂದ ಕಾಫಿ ಲೋಟ ಹಿಡಿದು ಬಂದರೆ ಸಾಕು, "ಬಂಡವಾಳಶಾಹಿ ಬೇಡ, ಅದರ ಕಾಫಿ ಮಾತ್ರ ಬೇಕು, ಅಲ್ವಾ?" ಎಂದು ಕೂಗುವರು. ಇವರೆಲ್ಲರಿಗಿಂತ ತಪ್ಪದೆ ಬರುತ್ತಿದ್ದವನು ಲೆನ್ ಬ್ಯಾಗ್‌ಷಾ. ಕಾರ್ಖಾನೆಯಲ್ಲಿ ನೆವಿಲ್‌ನ ಪಕ್ಕದ ಯಂತ್ರದವನು, ಅವನ ಪಿಂಚಣಿಯೂ ಮುಳುಗಿತ್ತು. ದಿನಾ ನಾಯಿ ಹಿಡಿದುಕೊಂಡು ಬಂದು, ಒಂದು ಬಟ್ಟಲು ಸೂಪು ಕುಡಿದು, ಬೈದು ಹೋಗುತ್ತಿದ್ದ.

"ಉಪ್ಪು ಕಮ್ಮಿ ಇದೆ ಕಣೋ ನಿಮ್ಮ ಕ್ರಾಂತಿಗೆ," ಅನ್ನುತ್ತಿದ್ದ. "ಈ ಮಕ್ಕಳನ್ನ ನೋಡು. ಕೈ ನೋಡು, ಬೆಣ್ಣೆ. ಬೇಜಾರಾದ ದಿನ ಅಪ್ಪನ ಮನೆಗೆ ಹೋಗ್ತಾರೆ, ಬಿಸಿನೀರು ಸ್ನಾನ ಮಾಡ್ತಾರೆ. ನಾಳೆ ಅದೇ ಬ್ಯಾಂಕಿಗೆ ಸೇರ್ತಾರೆ. ನೀನು ಸೌಟು ಹಿಡ್ಕೊಂಡು ಇಲ್ಲೇ ನಿಂತಿರ್ತೀಯ."

"ಸೇರ್ಕೊಂಡ್ರೆ ಸೇರ್ಕೊಳ್ಲಿ. ಈಗ ಇಲ್ಲಿದ್ದಾರಲ್ಲ."

"ಇದ್ದಾರೆ, ಇದ್ದಾರೆ. ಮಳೆ ಬರೋವರೆಗೂ ಇರ್ತಾರೆ."

ಮಳೆ ಬಂತು, ಹಿಮವೂ ಬಂತು. ಕೆಲವರು ಹೋದರು. ಲೆನ್ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ನೆವಿಲ್‌ಗೂ ಒಳಗೊಳಗೇ ಅನ್ನಿಸುತ್ತಿತ್ತು. ಆದರೆ ಇಮೊಜೆನ್ ಎಂಬ ಹುಡುಗಿ ಹೋಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವಳು, ವೈದ್ಯರ ಮಗಳು. ಮೂಗು ಸದಾ ಕೆಂಪು, ಸದಾ ಕೆಮ್ಮು. ಬಟಾಣಿ ನೆನೆಸುವುದನ್ನೂ ಅರಿಯದವಳು ನೆವಿಲ್‌ನಿಂದ ಕಲಿತು ಹಂಡೆಗಟ್ಟಲೆ ಬೇಯಿಸುತ್ತಿದ್ದಳು. ಬೆರಿಲ್‌ಳ ಕಾಯಿಲೆಯ ವಿಷಯ ಡೇರೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಡಿಸೆಂಬರಿನ ಒಂದು ಸಂಜೆ ನೆವಿಲ್ ಬಸ್ಸಿಗೆ ಕಾಯುತ್ತಿದ್ದಾಗ ಒಳ್ಳೆಯ ಕೋಟು ಹಾಕಿದ್ದ ಯುವಕನೊಬ್ಬ ಹತ್ತಿರ ಬಂದ. ಪತ್ರಿಕೆಯವನು ಅಂತ ಹೇಳಿಯೇ ಮಾತಾಡಿಸಿದ. ಸುಳ್ಳು ಹೇಳಲಿಲ್ಲ.

"ಎಲ್ಲಿಗೆ ಹೊರಟ್ರಿ?"

"ಮನೆಗೆ."

"ರಾತ್ರಿ ಇಲ್ಲಿರಲ್ವಾ?"

"ಇಲ್ಲ."

"ಯಾಕೆ?"

ಬೆರಿಲ್‌ಳನ್ನು ಶೌಚಕ್ಕೆ ಎತ್ತಿ ಕೂರಿಸಬೇಕು, ಮಗ್ಗುಲು ತಿರುಗಿಸಬೇಕು ಎಂದು ಬಸ್ ನಿಲ್ದಾಣದಲ್ಲಿ ನಿಂತು ಅಪರಿಚಿತನಿಗೆ ಹೇಳುವುದು ಹೇಗೆ? ಅವಳು ಊರುಗೋಲು ಹಿಡಿದು ಅಂಗಡಿಗೆ ಹೋಗಲಿಕ್ಕೂ ನಾಚುತ್ತಿದ್ದ ಹೆಂಗಸು. ನೆವಿಲ್ ನಕ್ಕು, "ಚಳಿ ಕಣಪ್ಪಾ" ಅಂದ. ಬಸ್ಸು ಬಂತು. ಹತ್ತುವಾಗ ಬೆನ್ನ ಹಿಂದೆ ಬೆಳಕು ಮಿಂಚಿದ್ದು ಕಂಡರೂ ತನ್ನದೇ ಫೋಟೋ ಎಂದು ಹೊಳೆಯಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಅವನು, ಕೈಯಲ್ಲಿ ಚೀಲ, ಮುಖದಲ್ಲಿ ನಗು. ಮೇಲೆ ದಪ್ಪಕ್ಷರದಲ್ಲಿ 'ಸಂಜೆಯಾದರೆ ಕ್ರಾಂತಿಗೆ ರಜೆ'. ಕೆಳಗೆ, ರಾತ್ರಿ ಆ ಡೇರೆಗಳಲ್ಲಿ ಬಹುಪಾಲು ಖಾಲಿ ಎಂದು ಯಾರೋ ಹೇಳಿದ್ದು, ತೆರಿಗೆ ಕಟ್ಟುವವರ ಜಾಗ ಯಾಕೆ ಹಾಳು ಎಂದು ಇನ್ಯಾರೋ ಕೇಳಿದ್ದು. ಕೊನೆಯಲ್ಲಿ 'ಚಳಿ ಕಣಪ್ಪಾ' ಎಂಬ ಅವನ ಮಾತು ಯಥಾವತ್ತಾಗಿ.

ಅವತ್ತು ಅಂಗಳದಲ್ಲಿ ಹಾದುಹೋದವರೆಲ್ಲ ಅದನ್ನೇ ಕೂಗಿದರು. ಶಾಲೆಯ ಮಕ್ಕಳೂ ಕೂಗಿದರು. ಡೇರೆಯವರು ನೇರವಾಗಿ ಏನೂ ಅನ್ನಲಿಲ್ಲ. ಆದರೆ ಸಂಜೆಯ ಸಭೆಯಲ್ಲಿ ಯಾರು ಯಾರು ರಾತ್ರಿ ಉಳಿಯುತ್ತಾರೆ ಎಂಬ ಚರ್ಚೆ ಬಂದಾಗ ಎಲ್ಲರೂ ಅವನತ್ತ ನೋಡದಿರಲು ಕಷ್ಟಪಡುತ್ತಿದ್ದರು. ಇಮೊಜೆನ್ ಅವನನ್ನು ಪಕ್ಕಕ್ಕೆ ಕರೆದಳು.

"ನಿಮ್ಮ ಹೆಂಡತಿ ವಿಷಯ ಹೇಳ್ಬಿಡೋಣ, ನೆವಿಲ್. ಒಂದೇ ಸಲಕ್ಕೆ ಎಲ್ಲರ ಬಾಯಿ ಮುಚ್ಚುತ್ತೆ."

"ಬೇಡ."

"ಅದರಲ್ಲಿ ನಾಚಿಕೆ ಏನಿದೆ?"

"ನಂಗಿಲ್ಲಮ್ಮ ನಾಚಿಕೆ. ಅವಳಿಗಿದೆ. ಅವಳ ಕಾಯಿಲೆ ತೋರಿಸಿ ನಾನು ಒಳ್ಳೆಯವನು ಅನ್ನಿಸ್ಕೊಳ್ಳೋದು ಬೇಡ. ಮಾತು ಕೊಡು, ಯಾರಿಗೂ ಹೇಳಲ್ಲ ಅಂತ."

ಅವಳು ಮಾತು ಕೊಟ್ಟಳು.

ಮನೆಗೆ ಹೋದರೆ ಬೆರಿಲ್‌ಳ ಮಡಿಲಲ್ಲಿ ಅದೇ ಪತ್ರಿಕೆ. ಕಾಯಿಲೆ ಅವಳ ಮುಖವನ್ನು ಕಲ್ಲಾಗಿಸಿತ್ತು, ನಗುವೋ ಕೋಪವೋ ತಿಳಿಯಬೇಕಾದರೆ ಕಣ್ಣನ್ನೇ ನೋಡಬೇಕಿತ್ತು. ಕಣ್ಣಿನಲ್ಲಿ ಕೋಪವಿತ್ತು.

"ಚಳಿ ಅಂದ್ಯಾ?"

"ಇನ್ನೇನು ಹೇಳ್ಲಿ?"

"ಪಿಂಚಣಿ ಹೋದಾಗ ಲಂಡನ್ನಿಗೆ ಹೋಗಿ ಆ ಕಂಪನಿ ಬಾಗಿಲಲ್ಲಿ ನಿಂತೋನು ನೀನು. ನಿನ್ನನ್ನ ಬೀದಿ ಮಕ್ಕಳು ಆಡ್ಕೊಳ್ತಾರಾ?" ಅವಳ ದನಿ ಕ್ಷೀಣ, ಆದರೆ ಒಂದೊಂದೇ ಮಾತನ್ನು ಅಗೆದು ತೆಗೆಯುವ ಹಾಗೆ ಹೇಳಿದಳು. "ಹೋಗು. ಅಲ್ಲೇ ಮಲಕ್ಕೊ. ಅವರ ಕಣ್ಣೆದುರಿಗೆ ಮಲಕ್ಕೊ."

"ನಿನ್ನನ್ನ ಬಿಟ್ಟಾ? ತಲೆ ಕೆಟ್ಟಿದ್ಯಾ?"

"ಆರೈಕೆಯವಳು ಸಂಜೆ ಬಂದು ಮಲಗಿಸಿ ಹೋಗ್ಲಿ. ಒಂದೇ ಮಗ್ಗುಲಲ್ಲಿ ಮಲಗ್ತೀನಿ ಬಿಡು. ಹಡಗಿನ ಇಕ್ಕಟ್ಟು ಮಂಚದಲ್ಲಿ ಜನ ಮಲಗಲ್ವಾ? ಬೆಳಗ್ಗೆ ಬಂದು ಎಬ್ಬಿಸು. ನನ್ನ ನೆಪದಿಂದ ನಿನಗೆ ಹೇಡಿ ಅನ್ನೋ ಹೆಸರು ಬರೋದು ನಂಗೆ ಬೇಡ."

"ಗೇನರ್ ಏನಂತಾಳೆ?"

ಗೇನರ್ ಅವರ ಮಗಳು. ಬ್ಯಾಂಕೊಂದರ ಫೋನಿನ ವಿಭಾಗದಲ್ಲಿ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಡೇರೆಗಳ ಹೆಸರೆತ್ತಿದರೆ ಉರಿದುಬೀಳುತ್ತಿದ್ದಳು.

"ಅವಳಿಗೆ ಹೇಳ್ಬೇಡ," ಎಂದಳು ಬೆರಿಲ್. "ಸುಮ್ನೆ ಕೂಗಾಡ್ತಾಳೆ."

ಎರಡು ದಿನ ಅವನು ಒಪ್ಪಲಿಲ್ಲ. ಬೆರಿಲ್ ಅವನ ಕೈಯಿಂದ ಊಟ ಮಾಡುವುದನ್ನು ಬಿಟ್ಟಳು. ಮೂರನೆಯ ದಿನ ಅವನು ಹಳೆಯ ಸ್ಲೀಪಿಂಗ್ ಬ್ಯಾಗು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಡೇರೆಯಲ್ಲಿ ನಿದ್ದೆ ಬಾರದೆಂದು ಅವನು ಎಣಿಸಿದ್ದ. ಬಂತು. ಕೆಳಗೆ ಕಲ್ಲು, ಮೇಲೆ ಹಿಮ, ಆಚೆ ಟ್ರಾಮಿನ ಗಂಟೆ, ಆದರೂ ಬೆಳಗಾಗುವವರೆಗೆ ಒಂದೇ ನಿದ್ದೆ. ವರ್ಷಗಳಿಂದ ಅವನು ಹಾಗೆ ಮಲಗಿರಲಿಲ್ಲ. ಯಾರೂ ಅವನನ್ನು ಕರೆಯಲಿಲ್ಲ, ಯಾರನ್ನೂ ಎತ್ತಬೇಕಿರಲಿಲ್ಲ. ಹುಡುಗರು ತಮ್ಮ ಉಣ್ಣೆಯ ಕಂಬಳಿಗಳನ್ನು ತಂದು ಅವನ ಮೇಲೆ ಹೊದಿಸಿದ್ದರು. ಎದ್ದಾಗ ಮೈ ಹಗುರಾಗಿತ್ತು. ಆ ಹಗುರವೇ ಅವನಿಗೆ ಅಪರಾಧವೆನಿಸಿ ಓಡೋಡಿ ಮನೆಗೆ ಹೋದ. ಬೆರಿಲ್ ಮಲಗಿಸಿದ ಹಾಗೇ ಮಲಗಿದ್ದಳು. ಸೊಂಟ ನೋಯುತ್ತಿದೆ ಎಂದಳು, ಆದರೆ ಕಣ್ಣು ನಗುತ್ತಿತ್ತು. "ಯಾರಾದ್ರೂ ನೋಡಿದ್ರಾ?" ಎಂದು ಕೇಳಿದಳು.

ಹಾಗೆ ಹಲವು ರಾತ್ರಿ ಕಳೆಯಿತು. ಲೆನ್ ಒಂದು ಬೆಳಗ್ಗೆ ಬಂದು, ಡೇರೆಯಿಂದ ಹೊರಬರುತ್ತಿದ್ದ ಅವನನ್ನು ನೋಡಿ ಬೈಯಲಿಲ್ಲ. ನಾಯಿಯ ಹಗ್ಗ ಕೈಗೆ ಸುತ್ತಿಕೊಳ್ಳುತ್ತಾ ನಿಂತ.

"ಮನೆಗೆ ಹೋಗೋ, ನೆವಿಲ್."

"ಹೋದ್ರೂ ಬೈತೀರಿ, ಇದ್ರೂ ಬೈತೀರಿ."

"ನಾನು ಈಗ ಬೈತಿಲ್ಲ ಕಣೋ."

ಕ್ರಿಸ್‌ಮಸ್ಸಿಗೆ ಇನ್ನೇನು ಸ್ವಲ್ಪ ದಿನವಿದೆ ಅನ್ನುವಾಗ ಕಡುಚಳಿ ಬಿದ್ದು ಬೆಳಗ್ಗೆ ಬಸ್ಸುಗಳು ತಡವಾದವು. ನೆವಿಲ್ ಮನೆಗೆ ಫೋನು ಮಾಡಿದ. ಫೋನು ಹಾಸಿಗೆಯ ಪಕ್ಕದಲ್ಲೇ ಇತ್ತು, ಆದರೆ ಯಾರೂ ಎತ್ತಲಿಲ್ಲ. ಕೈ ಎಟುಕಿಲ್ಲವೇನೋ ಅಂದುಕೊಂಡ. ಮತ್ತೆ ಮಾಡಿದ. ಆಮೇಲೆ ಹೆಪ್ಪುಗಟ್ಟಿದ ರಸ್ತೆಯಲ್ಲಿ, ಏರುದಾರಿಯುದ್ದಕ್ಕೂ, ಜಾರುತ್ತ ಏಳುತ್ತ ನಡೆದೇ ಹೋದ.

ಬೆರಿಲ್ ಮಂಚ ಮತ್ತು ಗೋಡೆಯ ನಡುವೆ ಬಿದ್ದಿದ್ದಳು. ಶೌಚಕ್ಕೆ ಏಳಲು ಹೋಗಿದ್ದಳು. ನೆಲಕ್ಕೆ ಹಾಸಿದ್ದ ಕಂಬಳಿಯನ್ನು ಮೈಮೇಲೆ ಎಳೆದುಕೊಳ್ಳಲು ನೋಡಿದ್ದಳು, ಅರ್ಧವಷ್ಟೇ ಬಂದಿತ್ತು. ಉಸಿರಿತ್ತು. ಅವನು ಅವಳ ಕಾಲುಗಳನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡು ಆಂಬುಲೆನ್ಸಿಗಾಗಿ ಕಾದ.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು, ಆಮೇಲೆ ಎದೆಗೆ ಸೋಂಕು ತಗುಲಿದೆ ಎಂದರು. ಗೇನರ್ ಬಂದವಳು ತಂದೆಯ ಮುಖ ನೋಡದೆ ತಾಯಿಯ ಇನ್ನೊಂದು ಪಕ್ಕ ಕುಳಿತಳು. ಬೆರಿಲ್‌ಗೆ ಮಾತು ಹೊರಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗಳು ಚಹಾಕ್ಕೆಂದು ಹೊರಗೆ ಹೋದಾಗ ತುಟಿ ಅಲುಗಿತು. ನೆವಿಲ್ ಕಿವಿ ಹತ್ತಿರ ತಂದ.

"ಬೆಚ್ಚಗಿದ್ಯಾ ಅಲ್ಲಿ?"

"ಇದ್ದೆ ಕಣೇ," ಅಂದ ಅವನು. ಅದು ನಿಜವೇ ಆಗಿತ್ತು.

ಅವಳು ಹೊಸ ವರ್ಷ ನೋಡಲಿಲ್ಲ.

ಪತ್ರಿಕೆಯವನು ಮತ್ತೆ ಬರೆದ. ಈ ಸಲ ತಲೆಬರಹ, 'ಕಾಯಿಲೆಯ ಹೆಂಡತಿಯನ್ನು ಬಿಟ್ಟು ಡೇರೆ ಸೇರಿದ'. ನೆವಿಲ್ ಎರಡೆರಡು ಬಾರಿ ಓದಿದ ಮೇಲೆ ಅವನಿಗೆ ಎಲ್ಲ ತಿಳಿಯಿತು. 'ಹೆಂಡತಿಗೆ ಅಷ್ಟು ಕಾಯಿಲೆಯಿದ್ದರೂ ಅವರು ನಮ್ಮ ಜೊತೆ ನೆಲದ ಮೇಲೆ ಮಲಗುತ್ತಾರೆ, ಇದಕ್ಕಿಂತ ಪ್ರಾಮಾಣಿಕತೆ ಬೇಕೇ' ಎಂದು ಇಮೊಜೆನ್ ಪತ್ರಿಕೆಯವನಿಗೆ ಹೇಳಿದ್ದಳು. ಹೆಮ್ಮೆಯಿಂದಲೇ ಹೇಳಿದ್ದಳು, ಬೆರಿಲ್ ಬೀಳುವ ಮುಂಚೆ. ಬಿದ್ದ ಮೇಲೆ ಪತ್ರಿಕೆಯವನು ಮನೆಗೆ ಫೋನು ಮಾಡಿದ್ದ. ಎತ್ತಿದವಳು ಗೇನರ್. ಅವಳು ಉಳಿದದ್ದನ್ನು ಹೇಳಿದ್ದಳು.

ಅಂತ್ಯಕ್ರಿಯೆಯ ದಿನ ಡೇರೆಯಿಂದ ನಾಲ್ಕಾರು ಜನ ಬಂದರು. ಗೇನರ್ ಬಾಗಿಲಲ್ಲೇ ತಡೆದಳು.

"ಫೋಟೋ ತೆಗೆಸ್ಕೊಳ್ಳೋಕೆ ಬಂದ್ರಾ?"

ಇಮೊಜೆನ್ ಅಳುತ್ತಿದ್ದಳು. "ನಾನು ಅವರ ಒಳ್ಳೇದಕ್ಕೆ ಅಂತ..."

"ಅವರು ಅಂದ್ರೆ ಯಾರು? ನಮ್ಮಮ್ಮನ್ನ ಒಂದಿನ ಆದ್ರೂ ನೋಡಿದ್ಯಾ ನೀನು?"

ನೋಡಿರಲಿಲ್ಲ. ನೆವಿಲ್ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ. ಎದ್ದು ಬಾಗಿಲಿಗೆ ಬರಲಿಲ್ಲ. ಹುಡುಗಿಯ ಮೇಲೆ ಸಿಟ್ಟು ಬರಲೆಂದು ಕಾದ, ಬರಲಿಲ್ಲ. ಅವಳು ಸುಳ್ಳುಗಾತಿಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವಳಿಗೆ ನಿಜವಾಗಿಯೂ ನಂಬಿಕೆಯಿತ್ತು. ಆ ನಂಬಿಕೆಯ ಭರದಲ್ಲಿ ಕೊಟ್ಟ ಮಾತನ್ನು ತುಳಿದುಕೊಂಡು ಹೋಗಿದ್ದಳು. ಡೇರೆಯವರು ಗೇಟಿನಾಚೆ ಚಳಿಯಲ್ಲಿ ನಿಂತಿದ್ದು ಹೊರಟುಹೋದರು. ಲೆನ್ ಮಾತ್ರ ಶವಪೆಟ್ಟಿಗೆಯ ಹಿಂದೆ ನಡೆದ.

ಚಳಿಗಾಲ ಮುಗಿಯುವ ಮೊದಲೇ ನ್ಯಾಯಾಲಯದ ಆದೇಶ ಬಂದು ಡೇರೆಗಳನ್ನು ಕಿತ್ತುಹಾಕಿದರು. ನೆವಿಲ್ ನೋಡಲು ಹೋಗಲಿಲ್ಲ. ಅಂಗಳವನ್ನು ನೀರು ಹೊಡೆದು ತೊಳೆದರೆಂದು ಲೆನ್ ಬಂದು ಹೇಳಿದ. ಕೊನೆಯವರೆಗೂ ಒಂದಿಷ್ಟು ಮಕ್ಕಳು ಅಲ್ಲೇ ಇದ್ದರು ಎಂದೂ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ಗೇನರ್ ಭಾನುವಾರಗಳಲ್ಲಿ ಬರತೊಡಗಿದಳು. ತಂದೆಗೆ ಅಡುಗೆ ಮಾಡಿಟ್ಟು, ಬಟ್ಟೆ ಒಗೆದು ಹೋಗುವಳು. ಮಾತು ಅಷ್ಟಕ್ಕಷ್ಟೆ. ವಸಂತದ ಒಂದು ಭಾನುವಾರ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ, ತಲೆಯೆತ್ತದೆ, ಕೇಳಿದಳು.

"ಅಪ್ಪಾ, ಯಾಕೆ ಹೋದೆ?"

"ನಿಮ್ಮಮ್ಮ ಹೋಗು ಅಂದ್ಲು."

ಚಾಕು ನಿಂತಿತು.

"ಅಮ್ಮ ಹಾಗಂದ್ಲಾ?"

"ಹೂಂ. ಊಟ ಬಿಟ್ಟು ಕೂತ್ಲು, ನಾನು ಹೋಗೋವರೆಗೂ. ನಿನಗೆ ಹೇಳ್ಬೇಡ ಅಂದ್ಲು."

ಗೇನರ್ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟ ಅವನಿಗೆ ಹೊಸದಲ್ಲ. ಅಂಗಳದಲ್ಲಿ ಹಾದುಹೋಗುತ್ತಿದ್ದವರು ಡೇರೆಯ ಬಾಗಿಲು ಎತ್ತಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದದ್ದೂ ಹೀಗೆಯೇ. ಅವಳನ್ನು ನಂಬಿಸಲು ಅವನ ಹತ್ತಿರ ಏನೂ ಇರಲಿಲ್ಲ. ಆ ಮಾತು ಗೊತ್ತಿದ್ದವರು ಇಬ್ಬರೇ, ಅದರಲ್ಲಿ ಒಬ್ಬಳು ಇಲ್ಲ.

"ಸತ್ತೋರು ಬಂದು ಇಲ್ಲ ಅನ್ನಲ್ಲ, ಅಲ್ವಾ," ಎಂದಳು ಗೇನರ್. ಕೋಪದಿಂದ ಹೇಳಲಿಲ್ಲ, ದಣಿದು ಹೇಳಿದಳು.

ಅವಳು ಆಲೂಗಡ್ಡೆಗಳನ್ನು ಪಾತ್ರೆಗೆ ಹಾಕಿ, ನೀರು ತುಂಬಿ, ಒಲೆಯ ಮೇಲಿಟ್ಟಳು. ಇಪ್ಪತ್ತು ನಿಮಿಷಕ್ಕೆ ಇಳಿಸು ಎಂದು ಹೇಳಿ, ಮಕ್ಕಳು ಕಾಯುತ್ತಿರುತ್ತಾರೆಂದು ಕೋಟು ಹಾಕಿಕೊಂಡು ಹೊರಟಳು.