ಬೀದಿ ಕಡೆಯ ಪರದೆ

ಟ್ರಂಕು ಮಂಚದ ಕಾಲಿಗೆ ಸಿಕ್ಕಿಕೊಂಡಿತ್ತು. ಚಿಕ್ಕವಳು ನೆಲಕ್ಕೆ ಕೆನ್ನೆ ಹಚ್ಚಿ, ತೋಳನ್ನು ಭುಜದವರೆಗೂ ಒಳಗೆ ತೂರಿಸಿ ಅದರ ಹಿಡಿ ಎಳೆಯುತ್ತಿದ್ದಳು. ತಗಡು ಕಿರ್ರೆಂದಿತು. ಅವಳು ಉಸಿರು ಬಿಗಿಹಿಡಿದಳು. ಮುಂದಿನ ಕೋಣೆಯಲ್ಲಿ ಅವಳ ಓರಗಿತ್ತಿ ದೊಡ್ಡವಳ ಹೆಣವಿತ್ತು. ಸುತ್ತ ಕುರ್ಚಿಗಳಲ್ಲಿ ಬೀದಿಯ ಹೆಂಗಸರಿದ್ದರು.

"ಸಿಕ್ತಾ ದುಪ್ಪಟಿ?" ಎಂದು ಭಾವ ಅಲ್ಲಿಂದಲೇ ಕೇಳಿದರು.

"ಹುಡುಕ್ತಿದೀನಿ ಭಾವ."

ದುಪ್ಪಟಿ ಮಂಚದ ಮೇಲೇ ಇತ್ತು. ಹೆಣಕ್ಕೆ ಹೊದಿಸಲು ಒಗೆದದ್ದೊಂದು ತರುತ್ತೇನೆಂದು ಎದ್ದು ಬಂದವಳಿಗೆ ಬೇಕಾಗಿದ್ದು ಟ್ರಂಕು. ಮೂರು ವರ್ಷದಿಂದ ಬೇಕಾಗಿತ್ತು. ಅದರೊಳಗೆ ಏನಿದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ: ಷೇರಿನ ಕಾಗದಗಳು, ಊರೆಲ್ಲ ಮುಳುಗಿದಾಗಲೂ ಮುಳುಗದ ಕಂಪನಿಗಳವು. ಏನಿದೆ ಗೊತ್ತಿತ್ತು, ಎಷ್ಟಿದೆ ಗೊತ್ತಿರಲಿಲ್ಲ. ಆ 'ಎಷ್ಟು' ಅವಳ ನಿದ್ದೆ ತಿಂದಿತ್ತು. ಇವತ್ತು ಅದನ್ನು ಕಣ್ಣಾರೆ ನೋಡಿ, ಹೆಣ ಹೋದ ಮೇಲೆ ಭಾವನ ಮುಂದೆ ಕೂತು, ಅರ್ಧ ನಮ್ಮದು ಎಂದು ಕೇಳುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದಳು. ನಾಲ್ಕು ತಿಂಗಳ ಬಾಡಿಗೆ ನಿಂತಿತ್ತು. ಮನೆಯೊಡೆಯ ಈ ತಿಂಗಳ ಕೊನೆಗೆ ಬೀಗ ಹಾಕುತ್ತೇನೆ ಎಂದಿದ್ದ.

ಟ್ರಂಕಿಗೂ ಬೀಗವಿತ್ತು.

ಅವಳು ಮೊಣಕಾಲು ಕೊಡವಿಕೊಂಡು ಹೊರಬಂದಾಗ ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದ, ಕೈಯಲ್ಲಿ ಹೂವಿನ ಚಕ್ರ. ದೊಡ್ಡವಳು ಕೆಲಸ ಮಾಡುತ್ತಿದ್ದ ಕಟ್ಟಡದ ಗುತ್ತಿಗೆ ಕಂಪನಿಯವನು. ಚಕ್ರವನ್ನು ಹೆಣದ ಕಾಲ ಬಳಿ ಇಟ್ಟು, ಒಂದು ನಿಮಿಷ ತಲೆ ತಗ್ಗಿಸಿ, ನಂತರ ಗಡಿಯಾರ ನೋಡಿಕೊಂಡ.

"ಬೇಜಾರು ಮಾಡ್ಕೋಬೇಡಿ. ಏಳನೇ ಮಹಡಿ ಬೀಗದಕೈ ಇವರ ಕೋಟಲ್ಲೇ ಬಂದ್ಬಿಟ್ಟಿದೆ. ಬೆಳಗ್ಗಿಂದ ಅಲ್ಲಿ ಬಾಗಿಲು ತೆಗೆದಿಲ್ಲ."

"ಇವಳೂ ನಿನ್ನೆಯಿಂದ ಕಣ್ಣು ತೆಗೆದಿಲ್ಲ," ಎಂದರು ಭಾವ.

ನಿನ್ನೆ ಮಧ್ಯಾಹ್ನ ಏಳನೇ ಮಹಡಿಯ ಮೆಟ್ಟಿಲ ಮೇಲೆ, ಬಕೆಟ್ಟಿನ ಪಕ್ಕ, ಒಂದು ನಿಮಿಷ ಕೂರುತ್ತೇನೆ ಎಂದು ಕೂತವಳು ಏಳಲಿಲ್ಲ. ಆ ಒಂದು ನಿಮಿಷದ ಸಂಬಳವನ್ನು ಕಂಪನಿ ಮುರಿದುಕೊಳ್ಳುತ್ತದೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ.

"ನಾನು ತರ್ತೀನಿ," ಎಂದಳು ಚಿಕ್ಕವಳು. ನೀಲಿ ಕೋಟು ಒಳಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಜೇಬಿನ ಗೊಂಚಲಿನಲ್ಲಿ ಐದು ದೊಡ್ಡ ಬೀಗದಕೈ, ಒಂದು ಚಿಕ್ಕದು. ಚಿಕ್ಕದನ್ನು ಕಳಚಿ ಮುಷ್ಟಿಯಲ್ಲಿಟ್ಟುಕೊಂಡು ಉಳಿದದ್ದನ್ನು ಕೊಟ್ಟಳು. ಅವನು ಎಣಿಸಿಕೊಂಡ.

"ಕೋಟೂ ಕಂಪನೀದೇ. ಪರವಾಗಿಲ್ಲ, ಒಗೆದು ಕಳಿಸಿ," ಎಂದ.

*

ಏಳನೇ ಮಹಡಿಯಲ್ಲಿ ಷೇರು ದಲ್ಲಾಳಿಗಳ ಆಫೀಸು. ದೊಡ್ಡವಳು ಹತ್ತೊಂಬತ್ತು ವರ್ಷ ಅಲ್ಲಿ ನೆಲ ಒರೆಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಮಕ್ಕಳಿರಲಿಲ್ಲ. ಕಸದ ಬುಟ್ಟಿಯಿಂದ, ಒಂದೇ ಮಗ್ಗುಲು ಅಚ್ಚಾದ ಹಾಳೆಗಳನ್ನು ಆರಿಸಿ ಚಿಕ್ಕವಳ ಮಗಳಿಗೆ ತಂದುಕೊಡುತ್ತಿದ್ದಳು. ಒಂದೊಂದನ್ನೂ ಬೆರಳಲ್ಲಿ ಉಜ್ಜಿ ನೋಡಿ ದಪ್ಪನೆಯದನ್ನೇ ಕೊಡುವಳು.

"ಪೆನ್ಸಿಲ್ ಒತ್ತಿ ಬರೀತಾಳೆ ಮಗು, ತೆಳ್ಳಗಿದ್ರೆ ಹರಿದುಹೋಗುತ್ತೆ," ಎನ್ನುವಳು. "ಬರೆದಾದ ಮೇಲೆ ಎಸೀಬೇಡ ಕಂದಾ, ದೊಡ್ಡಮ್ಮನಿಗೆ ವಾಪಸ್ ಕೊಡು."

ಮಗಳು ಬಿಳಿ ಮಗ್ಗುಲಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದಳು. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ ಚಿಕ್ಕವಳ ಗಂಡ ಅಚ್ಚಾದ ಮಗ್ಗುಲು ಓದತೊಡಗಿದ. ಹಡಗಿನ ಗುರುತಿನ ಕಂಪನಿಯೊಂದರ ಹೆಸರು ವಾರಕ್ಕೆ ನಾಲ್ಕು ಹಾಳೆಯಲ್ಲಿ ಬರುತ್ತಿತ್ತು, ಪಕ್ಕದಲ್ಲಿ ಕೆಂಪು ಶಾಯಿಯ ಗೆರೆ.

"ಇಷ್ಟು ಸಲ ಬರೀತಾರೆ ಅಂದ್ರೆ ಸುಮ್ನೇನಾ? ಮುಚ್ಚಿಟ್ಕೊಂಡು ಕೊಳ್ತಿದ್ದಾರೆ ಕಣೇ."

ಮುಚ್ಚಿಟ್ಟುಕೊಳ್ಳುವವರು ಹಾಳೆಯನ್ನು ಕಸದ ಬುಟ್ಟಿಗೆ ಯಾಕೆ ಹಾಕುತ್ತಾರೆ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಎರಡು ಕೋಣೆಯ ಸ್ವಂತ ಮನೆಗೆಂದು ಹನ್ನೆರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದು ಬೀದಿ ಕೊನೆಯ ಷೇರು ಏಜೆಂಟನ ಮೂಲಕ ಹಡಗು ಹತ್ತಿತು. ಮೊದಲ ಎರಡು ತಿಂಗಳು ಷೇರಿನ ಬೆಲೆ ಏರಿತು ಕೂಡ. ಅದು ಏರುತ್ತಿರುವಾಗಲೇ ಚಿಕ್ಕವಳು ಓರಗಿತ್ತಿಯ ಅಡುಗೆಮನೆಯ ಬಾಗಿಲಿಗೊರಗಿ ನಿಂತು ಹೇಳಿಬಂದಿದ್ದಳು:

"ನೀವೇ ತಂದ ಹಾಳೆ ಅಕ್ಕಾ, ನಿಮಗೇ ಗೊತ್ತಾಗ್ಲಿಲ್ಲ ನೋಡಿ. ಓದು ಬರಬೇಕು ಅನ್ನೋದು ಅದಕ್ಕೇ."

ದೊಡ್ಡವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಆಮೇಲೆ ಮಾರ್ಕೆಟ್ ಬಿತ್ತು ಎಂದರು. ಮೇಲಿನವರ ಕೈತಪ್ಪಿದ್ದು ಕೆಳಗಿದ್ದವರ ತಲೆಯ ಮೇಲೆ ಬಿತ್ತು ಎಂದು ಯಾರೂ ಹೇಳಲಿಲ್ಲ. ಹಡಗು ಮುಳುಗಿತು. ಚಿಕ್ಕವಳು ಅಂಗಿಯ ಕಾಲರ್ ಹೊಲಿಯುವ ಕಾರ್ಖಾನೆಯ ಮಾಲೀಕ, ದೇಶಕ್ಕೇ ಕಷ್ಟ ಬಂದಿದೆ ಎಂದು ಭಾಷಣ ಮಾಡಿ, ವಾರಕ್ಕೆ ಮೂರೇ ದಿನ ಕೆಲಸ ಎಂದ. ಅವನ ಕಾರು ಮಾತ್ರ ವಾರಕ್ಕೆ ಏಳು ದಿನವೂ ಬರುತ್ತಿತ್ತು.

ಅದೇ ವಾರ ಬಸ್ಸಿನ ಕಿಟಕಿಯಿಂದ ಅವಳು ಅದನ್ನು ಕಂಡಳು. ದೊಡ್ಡವಳ ಮನೆಯ ಬೀದಿ ಕಡೆಯ ಕಿಟಕಿಗೆ ಪರದೆ ಬಂದಿತ್ತು. ಕಡುಹಸಿರು, ದಪ್ಪ ಬಟ್ಟೆ, ನೆಲ ಮುಟ್ಟುವ ಹಾಗೆ. ಹತ್ತು ವರ್ಷ ಬಟ್ಟೆ ಹೊಲಿದವಳಿಗೆ ಬಸ್ಸಿನಿಂದಲೇ ಅದರ ಬೆಲೆ ತಿಳಿಯಿತು. ಮುಂದಿನ ನಿಲ್ದಾಣದಲ್ಲೇ ಇಳಿದು ಹಿಂದಕ್ಕೆ ನಡೆದಳು.

"ಒಳ್ಳೆ ಹಾಳೆ ನೀವಿಟ್ಕೊಂಡು ಕಸ ನಮಗೆ ಕೊಟ್ರಿ ಅಲ್ವಾ?"

"ಕಸದ ಬುಟ್ಟಿಯಿಂದ ಕಸ ತರದೆ ಇನ್ನೇನು ತರ್ಲಿ?"

"ಹಾಗಾದ್ರೆ ನಿಮ್ಮ ಷೇರು ಹೇಗಿದೆ, ಹೇಳಿ ನೋಡೋಣ."

ದೊಡ್ಡವಳು ಪರದೆಯ ಒಂದು ನೆರಿಗೆ ಸರಿಮಾಡಿದಳು. ತುಟಿಯ ಕೊನೆಯಲ್ಲಿ ಚಿಕ್ಕದೊಂದು ನಗು.

"ಏನೋ, ನಡೀತಿದೆ," ಎಂದಳು.

ಅಂದಿನಿಂದ ಯಾರು ಕೇಳಿದರೂ ಅದೇ ಮಾತು, ಅದೇ ನಗು. ಬೀದಿಯಲ್ಲಿ ಅದು ಗಾದೆಯೇ ಆಯಿತು. ಆ ಮನೆ ಹೆಂಗಸಿನ ಮುಂದೆ ಮಾರ್ಕೆಟ್ಟೇ ಕೈಕಟ್ಟಿ ನಿಲ್ಲುತ್ತೆ ಎಂದು ಜನ ಹೇಳಿಕೊಂಡರು. ಚಿಕ್ಕವಳು ಮೂರು ವರ್ಷ ಬಸ್ಸಿನಲ್ಲಿ ಆದಷ್ಟೂ ಆ ಮನೆ ಕಾಣುವ ಎಡಗಡೆಯ ಸೀಟಿನಲ್ಲಿ ಕೂರುತ್ತಿರಲಿಲ್ಲ. ಕೂತ ದಿನ ಮಾತ್ರ ಆ ಹಸಿರನ್ನು ನೋಡದೆ ಇರಲಾಗಲಿಲ್ಲ.

*

ವ್ಯಾನು ಬಂತು. ಗಂಡಸರು ಹೆಣವನ್ನು ಹೊರಗೆ ಒಯ್ಯುವಾಗ ಚಿಕ್ಕವಳು, ಚೀಲ ಮರೆತೆ ಎಂದು ಗಂಡನಿಗೆ ಹೇಳಿ ಒಳಕೋಣೆಗೆ ಓಡಿದಳು. ಬೀಗ ಒಂದೇ ತಿರುವಿಗೆ ಬಿಚ್ಚಿಕೊಂಡಿತು.

ಒಂದು ಹಳೆಯ ಸ್ವೆಟರ್. ಮಗುವಿಗೆಂದು ಎಂದೋ ಹೆಣೆದು ನಿಲ್ಲಿಸಿದ ಕಾಲುಚೀಲ, ಒಂದೇ ಒಂದು. ಅದರ ಕೆಳಗೆ ಲಕೋಟೆ. ಲಕೋಟೆಯಲ್ಲಿ ಏಜೆಂಟನ ರಸೀದಿ. ಮೇಲೆ ಹಡಗಿನ ಗುರುತು.

ಅವಳು ಎರಡು ಸಲ ಓದಿದಳು. ತಾವು ಕೊಂಡ ಹನ್ನೊಂದು ದಿನಕ್ಕೆ ಕೊಂಡದ್ದು. ಅದೇ ಕಂಪನಿ. ಮತ್ತೆ ಮಾರಿದ ರಸೀದಿ ಇರಲಿಲ್ಲ. ಮಾರಲು ಏನೂ ಉಳಿಯದವರ ಬಳಿ ಅದು ಇರುವುದಿಲ್ಲ, ಅವಳ ಮನೆಯಲ್ಲೂ ಇರಲಿಲ್ಲ. ಟ್ರಂಕಿನ ತಳಕ್ಕೆ ಕೈಯಾಡಿಸಿದಳು. ಬರೀ ತಗಡು.

ಆಮೇಲೆ ಅವಳ ಕಣ್ಣಿಗೆ ಬಿದ್ದದ್ದು ಷೇರುಗಳ ಸಂಖ್ಯೆ. ತಮ್ಮದರ ಎರಡು ಪಟ್ಟು.

'ಇಷ್ಟಿತ್ತಾ ಇವಳ ಹತ್ರ?' ಎಂದುಕೊಂಡಳು. 'ಕಳ್ಕೊಳ್ಳೋದ್ರಲ್ಲೂ ನನ್ನ ಮೀರಿಸಿದಳು.'

ಹಾಗಂದುಕೊಂಡ ತನ್ನ ಮೇಲೇ ಹೇಸಿಗೆಯಾಗಿ ತಲೆಯೆತ್ತಿದಳು. ಹಿಂದಿನ ಕಿಟಕಿಗೆ ಪರದೆ ಇರಲಿಲ್ಲ. ಒಡೆದ ಗಾಜಿಗೆ ಅಂಚಿನಿಂದ ಅಂಚಿಗೆ ಹಾಳೆ ಅಂಟಿಸಿತ್ತು, ಗಾಳಿ ಬರದ ಹಾಗೆ. ಬಿಸಿಲು ಹಿಂದಿನಿಂದ ಬಿದ್ದು ಎರಡೂ ಮಗ್ಗುಲು ಒಟ್ಟಿಗೆ ಕಾಣುತ್ತಿದ್ದವು. ತಿರುಗುಮುರುಗಾದ ಕಂಪನಿಗಳ ಅಂಕಿಗಳು, ಅವುಗಳ ಮೇಲೆ ಒತ್ತಿ ಒತ್ತಿ ಬರೆದ ಪೆನ್ಸಿಲ್ಲಿನ ಭಾಗಾಕಾರಗಳು. ಮಗಳ ಕೈಬರಹ.

ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ.

*

ವಿದ್ಯುತ್ ಚಿತಾಗಾರದ ಹಜಾರದಲ್ಲಿ ಗೋಡೆಗೊಂದು ಬೋರ್ಡು, ಅದರಲ್ಲಿ ಕೆಂಪು ಅಂಕಿ. ಇವರದು ಹದಿನಾಲ್ಕು. ಬೋರ್ಡು ಹನ್ನೊಂದರಲ್ಲಿ ನಿಂತಿತ್ತು.

"ಷೇರಿನ ಹಾಗೇ ಇಲ್ಲೂ ಬೋರ್ಡೇ," ಎಂದ ಫಿಟ್ಟರ್.

ಬೆಂಚಿನಲ್ಲಿ ಚಿಕ್ಕವಳ ಪಕ್ಕಕ್ಕೆ ದಪ್ಪನೆಯ ಹೆಂಗಸೊಬ್ಬಳು ಬಂದು ಕೂತಳು. ದೊಡ್ಡವಳ ಜೊತೆ ಕೆಲಸಕ್ಕಿದ್ದವಳು. ಅವಳನ್ನು ಎಲ್ಲರೂ ಕರೆಯುವುದು ಬಕೆಟ್ ಅಕ್ಕ ಎಂದು. ಕೆಲಸದಿಂದ ತೆಗೆದ ದಿನ ಬಾಕಿ ಸಂಬಳ ಕೊಡದ್ದಕ್ಕೆ ಕಂಪನಿಯ ಬಕೆಟ್ಟನ್ನೇ ಹೊತ್ತು ಮನೆಗೆ ಹೋದವಳು.

"ನೀವೇ ಅಲ್ವಾ ಓರಗಿತ್ತಿ? ಆ ಬುದ್ಧಿವಂತೆ?"

"ಯಾರು ಹಾಗಂದಿದ್ದು?"

"ಇನ್ಯಾರು? ಅವಳೇ. ನಿಮ್ಮ ಮೇಲೆ ಅವಳಿಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ?"

"ನನ್ನ ಮೇಲಾ?"

"ಮತ್ತೆ? 'ಅವಳಿಗೆ ಮಗಳಿದಾಳೆ, ಓದೋ ಗಂಡ ಇದಾನೆ, ಈಗ ಷೇರೂ ಬಂತು, ನನಗೇನಿದೆ' ಅಂತ ದಿನಾ ಅದೇ ಪುರಾಣ. ಕೊನೆಗೆ ನೀವು ಹಾಕಿದ ಕಡೆಗೇ ಹಾಕಿದ್ಲು. ನಿಮಗಿಂತ ಜಾಸ್ತಿ ಹಾಕಬೇಕು ಅಂತ ಹಟ. ಆಫೀಸಿನ ಷೇರು ಬೋರ್ಡಲ್ಲಿ ಹಡಗಿನ ಚಿತ್ರ ಬಂದ್ರೆ ಹೇಳು ಅಂತ ನನ್ನ ನಿಲ್ಲಿಸ್ತಿದ್ಲು. ನನಗೂ ಅಕ್ಷರ ಬರಲ್ಲ. ಏರಿದ್ರೆ ಹಸಿರು, ಬಿದ್ರೆ ಕೆಂಪು, ಬಣ್ಣ ನೋಡಿ ಹೇಳ್ತಿದ್ದೆ. ಹಸಿರಿದೆ ಕಣೇ, ಒರೆಸು. ಕೆಂಪಾಯ್ತು ಕಣೇ, ಒರೆಸು." ಅವಳು ನಕ್ಕಳು, ನಂತರ ಸುತ್ತ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

"ಆ ಪರದೆ?" ಎಂದಳು ಚಿಕ್ಕವಳು.

"ಅಯ್ಯೋ ಅದಾ? ಬೇರೆಯವರ ದುಡ್ಡೆಲ್ಲ ಮುಳುಗಿಸಿ ಆ ಮಹಾನುಭಾವರು ಆಫೀಸಿಗೆ ಹೊಸ ಪರದೆ ಹಾಕಿಸಿದ್ರು. ಹಳೇದಕ್ಕೆ ಯಾವನೋ ಸಿಗರೇಟು ಒತ್ತಿದ್ದ. ಇವಳು ಎತ್ಕೊಂಡು ಬಂದ್ಲು, ಸುಟ್ಟಿದ್ದನ್ನ ಮಡಿಸಿ ಹೊಲಿದ್ಲು. 'ಬೀದಿ ಕಡೆ ಹಾಕ್ತೀನಿ, ಓರಗಿತ್ತಿ ಬಸ್ಸಲ್ಲಿ ಹೋಗ್ತಾ ನೋಡ್ಲಿ' ಅಂದ್ಲು."

"ಯಾಕಂತೆ?"

"ದುಡ್ಡಂತೂ ಹೋಯ್ತು, ಅವಳ ಹೊಟ್ಟೆಕಿಚ್ಚಾದ್ರೂ ನನಗೆ ಉಳೀಲಿ, ಅಂತ." ಬಕೆಟ್ ಅಕ್ಕ ಮೂಗು ಒರೆಸಿಕೊಂಡಳು. "ನಮ್ಮನ್ನೆಲ್ಲ ತೆಗೆದ ಮೇಲೆ ಮೂರು ಮಹಡಿ ಒಬ್ಬಳೇ ಒರೆಸ್ತಿದ್ಲು, ಒಂದು ಮಹಡಿ ಸಂಬಳಕ್ಕೆ. ಇಷ್ಟು ಷೇರಿಟ್ಕೊಂಡು ಯಾಕೆ ದುಡೀತೀರಿ ಅಂತ ಬೀದಿಯವರು ಕೇಳಿದ್ರೆ, ಮನೇಲಿ ಕೂತ್ರೆ ಬೇಜಾರು ಅಂತಿದ್ಲಂತೆ."

ಚಿಕ್ಕವಳ ಭುಜ ಅಲುಗಾಡಿತು. ಎದುರು ಕೂತವರು ಅಳುತ್ತಿದ್ದಾಳೆ ಎಂದುಕೊಂಡರು. ಅವಳು ಅಳುತ್ತಿರಲಿಲ್ಲ, ಎಲ್ಲಿಂದಲೋ ನುಗ್ಗಿ ಬಂದ ನಗುವನ್ನು ಹಲ್ಲು ಕಚ್ಚಿ ತಡೆಯುತ್ತಿದ್ದಳು. ಬೋರ್ಡಿನಲ್ಲಿ ಹದಿನಾಲ್ಕು ಬಂದಾಗಲೇ ಅದು ಅಳುವಾದದ್ದು.

*

ಮನೆಗೆ ಮರಳಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಭಾವ ಕೋಟು ನೇತಾಡುತ್ತಿದ್ದ ಬಾಗಿಲಿನ ಕಡೆ ಬೆನ್ನು ಮಾಡಿ ಕೂತರು. ಮೂರನೇ ಮನೆಯ ಹೆಂಗಸು ಎಲ್ಲರಿಗೂ ನೀರು ಕೊಟ್ಟು, ಕೊನೆಯ ಲೋಟ ಚಿಕ್ಕವಳಿಗೆ ಕೊಡುವಾಗ ದನಿ ತಗ್ಗಿಸಿದಳು. ಆದರೆ ಕೋಣೆಯಲ್ಲಿದ್ದವರೆಲ್ಲ ಕಿವಿ ಚುರುಕು ಮಾಡುವಷ್ಟು ಮಾತ್ರ ತಗ್ಗಿಸಿದಳು.

"ನಿಮ್ಮ ಭಾವನವರಿಗೆ ಇನ್ನೇನು ಚಿಂತೆ ಬಿಡಿ. ಆ ಪುಣ್ಯಾತ್ಗಿತ್ತಿ ಟ್ರಂಕು ತುಂಬ ಇಟ್ಟು ಹೋಗಿದ್ದಾರಂತಲ್ಲ. ನಿಜಾನಾ? ಒಳಗೆ ನೀವೇ ಇದ್ರಿ, ನೋಡಿರಬೇಕಲ್ಲ."

ಭಾವ ನೆಲ ನೋಡಿದರು. ಅವರಿಗೆ ಗೊತ್ತಿತ್ತು ಎಂಬುದು ಅವರ ಬಾಗಿದ ಕತ್ತಿನಲ್ಲೇ ಕಾಣುತ್ತಿತ್ತು. ಚಿಕ್ಕವಳ ಚೀಲದಲ್ಲಿ ಲಕೋಟೆ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟರೆ ಸಾಕು. ಮೂರು ವರ್ಷ ಅವಳು ಕಾದದ್ದು ಇದೇ ಗಳಿಗೆಗೆ: ಈ ಬೀದಿಯ ಎದುರು ಆ ಹೆಂಗಸಿನ ತಲೆ ತಗ್ಗುವುದನ್ನು ನೋಡಲು. ಫಿಟ್ಟರ್ ಆಸೆಯಿಂದ ಹೆಂಡತಿಯ ಮುಖ ನೋಡುತ್ತಿದ್ದ. ಬಾಡಿಗೆಯ ಮಾತು ಈಗ ತೆಗೆಯುತ್ತಾಳೆಂದು ಕಾಯುತ್ತಿದ್ದ.

ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

"ಏನೋ, ನಡೀತಿದೆ," ಎಂದಳು. ತುಟಿಯ ಕೊನೆ ಸ್ವಲ್ಪ ಮೇಲೇರಿತು.

ಮೂರನೇ ಮನೆಯವಳ ಮುಖ ಬಾಡಿತು. "ಹಾಗೇ ಅನ್ಕೊಂಡೆ," ಎಂದು ಹೊರಗೆ ಹೋದಳು. ಬೀದಿಯಲ್ಲಿ ಇನ್ನಿಬ್ಬರು ಅವಳಿಗಾಗಿ ಕಾಯುತ್ತಿದ್ದರು. ಮೂವರೂ ತಿರುಗಿ ಕಿಟಕಿಯ ಕಡೆ ನೋಡಿದರು.

ಚಿಕ್ಕವಳು ಪರದೆಯ ಬಳಿ ಹೋದಳು. ಹತ್ತಿರದಿಂದ ನೋಡಿದರೆ ಹೊಲಿಗೆ ಸೊಟ್ಟಗಿತ್ತು. ಹೊಲಿಯಲು ಬಾರದ ಕೈ, ತಪ್ಪಿದ ಕಡೆಯೆಲ್ಲ ಎರಡೆರಡು ಸಲ ಚುಚ್ಚಿತ್ತು. ಒಂದು ಕಡೆ ದಾರ ಬಿಟ್ಟು ಸಿಗರೇಟಿನ ತೂತು ಹೊರಗಿಣುಕುತ್ತಿತ್ತು. ಅವಳು ಚೀಲದಿಂದ ಸೂಜಿದಾರ ತೆಗೆದು, ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, ನೆಲದ ಮೇಲೆ ಕೂತು, ಸುಟ್ಟ ಅಂಚನ್ನು ಇನ್ನೂ ಎರಡು ಬೆರಳು ಒಳಕ್ಕೆ ಮಡಿಸಿದಳು. ಹೊಲಿಗೆ ಹೊರಗೆ ಕಾಣದ ಹಾಗೆ, ಕಾರ್ಖಾನೆಯಲ್ಲಿ ಮಾಲೀಕನ ಕಾಲರಿಗೆ ಹಾಕುವಷ್ಟು ಸಣ್ಣ ಸಣ್ಣ ಹೊಲಿಗೆ ಹಾಕತೊಡಗಿದಳು.

ಬಸ್ಸೊಂದು ಹಾದುಹೋಯಿತು. ಎಡಗಡೆಯ ಸೀಟಿನಲ್ಲಿ ಕೂತಿದ್ದ ಯಾರೋ ಒಬ್ಬಳು ಹಸಿರು ಪರದೆಯನ್ನು ಕತ್ತು ತಿರುಗಿಸಿ, ಮೂಲೆ ತಿರುಗುವವರೆಗೂ ನೋಡಿದಳು.