ಚಿತ್ರದ ಗಂಟು

ಗಂಗಾಂಬಿಕಾಳ ಮನೆಗೆ ಕಂಪ್ಯೂಟರ್ ಬಂದದ್ದು ಅದಿರಿನ ಲಾರಿಯಲ್ಲಿ. ಗಂಡ ಸಿದ್ದಲಿಂಗೇಶ ಸಂಡೂರಿನ ಗಣಿಯಿಂದ ಅದಿರು ಹೊರುವ ಲಾರಿ ಓಡಿಸುತ್ತಿದ್ದ. ಅಲ್ಲಿಯ ತೂಕದ ಆಫೀಸಿನವರು ಹೊಸ ಕಂಪ್ಯೂಟರ್ ತರಿಸಿ ಹಳೆಯದನ್ನು ಮೂಲೆಗೆ ತಳ್ಳಿದಾಗ, ಅದನ್ನು ಕೇಳಿ ಪಡೆದು, ಕ್ಲೀನರ್ ಕೂರುವ ಸೀಟಿನಲ್ಲಿ ಕೂರಿಸಿಕೊಂಡು ತಮ್ಮೂರು ಗಾದಿಗನೂರಿಗೆ ಬಂದ. ಹಿಂದಿನ ಮುಚ್ಚಳ ಬಿಚ್ಚಿದರೆ ಹಿಡಿ ತುಂಬ ಕೆಂಪು ಧೂಳು ಸುರಿಯಿತು. ಗಣಿಗಳು ಭರದಿಂದ ನಡೆದ ಆ ವರ್ಷಗಳಲ್ಲಿ ಅದಿರಿನ ಲಾರಿಗಳು ಓಡಾಡುವ ಆ ರಸ್ತೆಯ ಬದಿಯಲ್ಲಿ ಕೆಂಪಾಗದೆ ಉಳಿದದ್ದಾದರೂ ಏನು ಹೇಳಿ? ಬೇವಿನ ಎಲೆ, ಒಣಹಾಕಿದ ಪಂಚೆ, ಹಾಲಿನ ಕೆನೆ, ಎಲ್ಲಕ್ಕೂ ಅದೇ ಬಣ್ಣ.

ಕಂಪ್ಯೂಟರ್ ಬೇಕಾದದ್ದು ಒಂದು ಸಿ.ಡಿ. ನೋಡುವುದಕ್ಕೆ, ಸಿ.ಡಿ. ಬೇಕಾದದ್ದು ಮಗಳು ಐಶ್ವರ್ಯಳಿಗಾಗಿ. ಎಂಟು ವರ್ಷದ ಹುಡುಗಿ, ಹುಟ್ಟಿನಿಂದ ಕಿವಿ ಕೇಳಿಸದು. ಎರಡು ವರ್ಷದ ಹಿಂದೆ ಬಳ್ಳಾರಿಯ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿಗೆ ಬಿಟ್ಟುಬರುವ ದಿನ ಅವಳು ಗೇಟಿನ ಕಂಬಿಯನ್ನು ಒಂದು ಕೈಯಲ್ಲಿ, ತಾಯಿಯ ಸೆರಗನ್ನು ಇನ್ನೊಂದು ಕೈಯಲ್ಲಿ ಹಿಡಿದು ಅತ್ತಿದ್ದಳು. 'ಹಬ್ಬಕ್ಕೆ ಬಂದು ಕರಕೊಂಡು ಹೋಗ್ತೀನಿ' ಎಂದರೆ ಮುಗಿಯುತ್ತಿತ್ತು. ಲೋಕದ ಯಾವ ತಾಯಿಯೂ ಹೇಳಬಹುದಾದ ಮಾತು ಅದು, ಗಂಗಾಂಬಿಕಾಗೆ ಹೇಳಲಾಗಲಿಲ್ಲ. ಆಮೇಲೆ ಪ್ರತಿ ರಜೆ ಮುಗಿದಾಗಲೂ ಅದೇ ಗೇಟು, ಅದೇ ಸೆರಗು, ಅದೇ ಅಳು. ಈ ಸಲ ಅವ್ವ ತಿರುಗಿ ಬರುತ್ತಾಳೋ ಇಲ್ಲವೋ ಎಂಬ ಹೆದರಿಕೆ ಹುಡುಗಿಯ ಕಣ್ಣಲ್ಲಿ ಕಾಣುತ್ತಿತ್ತು. ಅದನ್ನು ನೋಡಿಯೂ ಬಾಯಿ ಕಟ್ಟಿದವಳಂತೆ ಬಸ್ಸು ಹತ್ತುವುದಿದೆಯಲ್ಲ, ಆ ಸಂಕಟ ಯಾರಿಗೂ ಬೇಡ.

ಶಾಲೆಯಲ್ಲಿ ಮಗಳು ಸನ್ನೆಗಳಲ್ಲೇ ಆಡುವ ಕೈಮಾತು ಕಲಿತಿದ್ದಳು. ಅಲ್ಲಿನ ಟೀಚರೇ ಒಂದು ಸಿ.ಡಿ. ಕೊಟ್ಟು, "ಇದರಾಗ ಮುನ್ನೂರು ಮಾತು ಅದಾವ್ರಿ. ಮನ್ಯಾಗ ನೀವೂ ಕಲೀರಿ. ಇಲ್ಲಾಂದ್ರ ಹುಡುಗಿ ಯಾರ ಜೋಡಿ ಮಾತಾಡಬೇಕು?" ಎಂದಿದ್ದರು. ಮನೆಯ ಟಿ.ವಿ. ಪಕ್ಕದ ಪ್ಲೇಯರ್ ಆ ಸಿ.ಡಿ.ಯನ್ನು ನುಂಗಿ ಹಾಗೆಯೇ ಉಗಿಯಿತು. ಅದು ಕಂಪ್ಯೂಟರಿಗೆಂದೇ ಮಾಡಿದ್ದಂತೆ. ದೀಪಾವಳಿಗೆ ಆ ಶಾಲೆಯ ದೊಡ್ಡ ರಜೆ. ಅಷ್ಟರೊಳಗೆ ಕಲಿಯಬೇಕು ಎಂದು ಗಂಗಾಂಬಿಕಾ ಹಟ ಹಿಡಿದಳು.

ಸಿ.ಡಿ. ಹಾಕಿದ ದಿನ ಗಂಡ, ಅತ್ತೆ ಹಂಪಮ್ಮ ಇಬ್ಬರೂ ಪಕ್ಕದಲ್ಲೇ ಕೂತರು. ಪರದೆಯ ಮೇಲೆ ಕಪ್ಪು ಚೌಕ ಮೂಡಿತು. ಒಳಗಿನಿಂದ ಒಬ್ಬ ಹೆಣ್ಣುಮಗಳ ದನಿ ಬಂತು: "ಅಮ್ಮ... ನೀರು... ಊಟ..." ದನಿ ಮುಂದೆ ಹೋಗುತ್ತಲೇ ಇತ್ತು, ಚೌಕ ಮಾತ್ರ ಕಪ್ಪಾಗಿಯೇ ಉಳಿಯಿತು.

"ಶಬ್ದ ಮಸ್ತ್ ಬರ್ತೈತಲ್ಲ!" ಎಂದ ಸಿದ್ದಲಿಂಗೇಶ, ತಾನು ತಂದ ವಸ್ತುವಿನ ಮಾನ ಉಳಿಸುವವನಂತೆ.

"ಕಿವಿ ಕೇಳದ ಮಗಳಿಗೆ ಶಬ್ದ ತಗೊಂಡು ಏನ್ ಮಾಡ್ಲಿ? ನನಗ ಒಳಗ ಮಾತಾಡೋ ಆಕಿ ಕೈ ಕಾಣಬೇಕು," ಎಂದಳು ಗಂಗಾಂಬಿಕಾ.

ಮರುದಿನವೇ ಅವಳು ಹೊಸಪೇಟೆಯ ಬಸ್ಸು ಹತ್ತಿದಳು. ಮದುವೆಗೆ ಮುಂಚೆ ಅವಳು ಟೈಪಿಂಗ್ ಕಲಿತದ್ದು ಬಸ್ ಸ್ಟ್ಯಾಂಡ್ ಹತ್ತಿರದ ಹುಸೇನಮ್ಮ ಟೀಚರ್ ಬಳಿ. ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ಹುಸೇನಮ್ಮ ಅಲ್ಲಿಯೇ ಕಂಪ್ಯೂಟರ್ ಸೆಂಟರ್ ಮಾಡಿಕೊಂಡಿದ್ದರು. ಊರವರ ಪೆನ್‌ಡ್ರೈವ್‌ಗಳೊಳಗಿನ ವೈರಸ್ಸಿಗೆ ರೋಸಿ, ಎಲ್ಲ ಯಂತ್ರಗಳಿಗೂ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬಿಟ್ಟಿದ್ದರು. ಗಣಿಯಿಂದ ಬಂದ ಯಂತ್ರದಲ್ಲಿದ್ದುದೂ ಅದೇ. ಗಂಗಾಂಬಿಕಾ ಹೇಳಿದ್ದನ್ನು ಕೇಳಿ ಅವರು ನಕ್ಕರು.

"ನಿನ್ನ ಯಂತ್ರಕ್ಕ ಏನೂ ಆಗಿಲ್ಲ ಬಿಡು. ಸಿನಿಮಾ ಭಾಳ ಜಾಗ ತಿಂತೈತಿ ಅಂತ ಗಂಟು ಕಟ್ಟಿ ಇಟ್ಟಿರ್ತಾರ. ಶಬ್ದದ್ದೊಂದು ಗಂಟು, ಚಿತ್ರದ್ದೊಂದು ಗಂಟು. ಬಿಚ್ಚೋದಕ್ಕ ಕೋಡೆಕ್ ಅಂತ ಬೇಕು. ನಿನ್ನ ಲಿನಕ್ಸಿಗೆ ಶಬ್ದದ ಗಂಟು ಬಿಚ್ಚಾಕ ಬರ್ತೈತಿ, ಚಿತ್ರದ್ದು ಬರಂಗಿಲ್ಲ. ಕಲಿಸಿದ್ರ ಕಲೀತೈತಿ."

"ಹೂಂ ಟೀಚರ್, ಕಲಿಸೋದು ನಾನ?"

"ಮತ್ತ ನಾನು ಬರ್ಲೇನು ಗಾದಿಗನೂರಿಗೆ? ಇಲ್ಲಾ, ನೀನ ದಿನಾ ಬಂದು ಇಲ್ಲೇ ಕುಂತು ನೋಡು."

ದಿನಾ ಬರುವ ಮಾತು ಆಗುವಂಥದ್ದಲ್ಲ. ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿದರೆ ಬಸ್ಸು ಅಷ್ಟು ಸಣ್ಣ ದಾರಿಗೂ ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು. ಮೇಲಾಗಿ ಬೆರಳು ಇಪ್ಪತ್ತು ಸಲ ತಪ್ಪಿ ಒಂದು ಸಲ ಸರಿಯಾಗುವ ಕಲಿಕೆಯನ್ನು ಹತ್ತು ಜನರ ಮುಂದೆ ಮಾಡಲು ಅವಳಿಗೆ ನಾಚಿಕೆ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲವಾದ್ದರಿಂದ ಹುಸೇನಮ್ಮ ಪೆನ್‌ಡ್ರೈವಿನಲ್ಲಿ ವಿಡಿಯೊ ತೋರಿಸುವ ಒಂದು ಪ್ಲೇಯರ್, ಒಂದಷ್ಟು ಕೋಡೆಕ್ ಫೈಲು, ಪರೀಕ್ಷೆಗೆಂದು ಹಂಪಿಯ ಹೊಳೆಯಲ್ಲಿ ಹರಿಗೋಲು ತಿರುಗುವ ಪುಟ್ಟ ವಿಡಿಯೊ ಹಾಕಿ, ಟೈಪ್ ಮಾಡಬೇಕಾದ ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಗಂಗಾಂಬಿಕಾ ಕೂತಳು. ಸಾಲು ಹೊಡೆದಳು. ಯಂತ್ರ ಪಾಸ್‌ವರ್ಡ್ ಕೇಳಿತು. ಅದು ಆಫೀಸಿನವರೇ ಮಾನಿಟರಿನ ನೆತ್ತಿಗೆ ಅಂಟಿಸಿದ ಚೀಟಿಯಲ್ಲಿತ್ತು. ಒತ್ತಿದಳು, ಪರದೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ, ಚುಕ್ಕಿಯೂ ಇಲ್ಲ. ಕೀಲಿಗಳಲ್ಲಿ ಧೂಳು ಕೂತಿದೆ ಎಂದು ಕೀಬೋರ್ಡನ್ನು ಬೋರಲು ಹಾಕಿ, ಮಗುವಿಗೆ ತೇಗು ತರಿಸುವ ಹಾಗೆ ಬೆನ್ನು ತಟ್ಟಿದಳು. ಧೂಳೇನೋ ಬಂತು, ಅಕ್ಷರ ಬರಲಿಲ್ಲ. ಕಡೆಗೆ ಫೋನ್ ಮಾಡಿದರೆ ಹುಸೇನಮ್ಮ, "ಅದು ಕಾಣಂಗಿಲ್ಲವ್ವ, ಕದ್ದು ಓದ್ತಾರಂತ ಮುಚ್ಚಿಡ್ತೈತಿ. ಹೊಡದು ಎಂಟರ್ ಒತ್ತು. ಹೇಳೋದು ಮರ್ತಿದ್ದೆ ನೋಡು," ಎಂದರು.

ಎಂಟರ್ ಒತ್ತಿದಳು. ಸರಸರನೆ ಸಾಲು ಉರುಳಿ ನಿಂತವು: ಈ ಫೈಲು ಕೂರಬೇಕಾದರೆ ಇನ್ನೂ ನಾಲ್ಕು ಬೇಕು. ನಾಲ್ಕರ ಹೆಸರನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡು ಮತ್ತೆ ಹೊಸಪೇಟೆಗೆ ಹೋದಳು. ತಂದು ಹಾಕಿದರೆ ಆ ನಾಲ್ಕರಲ್ಲಿ ಎರಡು, ತಮಗೆ ಇನ್ನೂ ಮೂರು ಬೇಕೆಂದವು. ಮದುವೆಗೆ ಕರೆಯಲು ಹೋದರೆ 'ನಮ್ಮ ದೊಡ್ಡಪ್ಪನಿಗೆ ಹೇಳಿದಿರಾ?' ಎಂದು ಮುಖ ತಿರುಗಿಸುವ ನೆಂಟರಿರುತ್ತಾರಲ್ಲ, ಥೇಟ್ ಅದೇ ಜಾತಿ. ಆದರೆ ನೆಂಟರನ್ನು ಓಲೈಸುವುದು ಗಂಗಾಂಬಿಕಾಗೆ ಹೊಸದಲ್ಲ. ಮೂರನೆಯ ಸಲವೂ ಬಸ್ಸು ಹತ್ತಿದಳು.

ನಡುವೆ ಆಯುಧ ಪೂಜೆ ಬಂತು. ಲಾರಿಗೆ ಬಾಳೆಕಂದು ಕಟ್ಟಿದರು, ಕಂಪ್ಯೂಟರಿಗೆ ಸೇವಂತಿಗೆ ಮುಡಿಸಿದರು. ಹಬ್ಬ ಮುಗಿದ ಮೂರನೆಯ ದಿನ ಅವಳು ಕೊನೆಯ ಫೈಲುಗಳನ್ನು ಹಾಕಿದಾಗ ಯಂತ್ರ ಯಾವ ತಕರಾರನ್ನೂ ಎತ್ತಲಿಲ್ಲ. ಪರೀಕ್ಷೆಯ ವಿಡಿಯೊ ಒತ್ತಿದಳು. ಬಂಡೆ ಬಂತು, ಹೊಳೆ ಬಂತು, ಹರಿಗೋಲು ಗಿರಗಿರನೆ ತಿರುಗಿತು.

"ಅತ್ತೀ, ಬರ್ರಿ! ಚಿತ್ರ ಬಂತು!"

ಹಂಪಮ್ಮ ಓಡಿ ಬಂದರು. ಗಂಗಾಂಬಿಕಾ ದೇವರ ಜಗಲಿಯ ಮೇಲಿದ್ದ ಸಿ.ಡಿ.ಯನ್ನು ಅವಸರದಲ್ಲಿ ತಂದು ಹಾಕಿದಳು. ಯಂತ್ರ ಗುರ್ರೆಂದಿತು, ಏದುಸಿರು ಬಿಟ್ಟಿತು, ಓದಲು ಆಗುತ್ತಿಲ್ಲ ಎಂದಿತು. ತೆಗೆದು ಹಾಕಿದರೂ ಅದೇ. ಇಷ್ಟು ದಿನದ ಓಡಾಟವೆಲ್ಲ ನೀರುಪಾಲಾಯಿತೆಂದು ಅವಳು ಅಲ್ಲೇ ಅತ್ತುಬಿಟ್ಟಳು. ದೀಪಾವಳಿಗೆ ಎರಡು ವಾರವಿತ್ತು. ಮತ್ತೆ ಆ ಗೇಟಿನ ಮುಂದೆ ಮೂಕಳಾಗಿಯೇ ನಿಲ್ಲಬೇಕೇ?

"ಅಳಬ್ಯಾಡವ್ವ. ಅದಕ್ಕೂ ಪೂಜಿ ಮಾಡೀನಿ. ಹಂಗೆಲ್ಲ ಕೈ ಬಿಡಂಗಿಲ್ಲ ದೇವರು," ಎಂದರು ಹಂಪಮ್ಮ.

ಗಂಗಾಂಬಿಕಾ ಕಣ್ಣೊರೆಸಿಕೊಂಡಳು. "ಯಾವುದಕ್ಕ, ಅತ್ತಿ?"

"ಆ ಸಿ.ಡಿ.ಗೆ. ಮೊಮ್ಮಗಳಿಗೆ ಮಾತು ಕೊಡೋದು ಅದ ಅಲ್ಲೇನು?"

ತೆಗೆದು ತಿರುಗಿಸಿ ನೋಡಿದಳು. ಸಿ.ಡಿ.ಯ ಹೊಳೆಯುವ ಮೈ ಮೇಲೆ, ಯಂತ್ರ ಓದುವ ಕಡೆಯೇ, ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಿನ ದಟ್ಟ ವಿಭೂತಿ, ನಡುವಿನ ತೂತಿನ ಪಕ್ಕ ಕುಂಕುಮ!

"ಅಕ್ಷರ ಇದ್ದದ್ದು ಬೆನ್ನು, ಕನ್ನಡಿಯಂಗ ಹೊಳೆಯೋದು ಮುಖ ಅಂತ ತಿಳಕೊಂಡೆ. ಹಣಿಗೆ ಹಚ್ಚಬೇಕಲ್ಲ," ಎಂದರು ಹಂಪಮ್ಮ ಸಣ್ಣ ದನಿಯಲ್ಲಿ.

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಹಂಪಮ್ಮ ತಾವೇ ಎದ್ದು ಟ್ರಂಕಿನಿಂದ ಐಶ್ವರ್ಯ ಕೂಸಾಗಿದ್ದಾಗಿನ ಮೆತ್ತನೆಯ ಬಟ್ಟೆ ತಂದುಕೊಟ್ಟರು. ಗಂಗಾಂಬಿಕಾ ಗೀರು ಬೀಳದಂತೆ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿ ಸಿ.ಡಿ.ಯನ್ನು ಒಳಗೆ ತಳ್ಳಿದಳು. ಕಪ್ಪು ಚೌಕ ಬೆಳಗಿತು. ನೀಲಿ ಸೀರೆಯ ಹೆಣ್ಣುಮಗಳೊಬ್ಬಳು ಎದುರಿಗೆ ನಿಂತು ಕೈ ಎತ್ತಿದಳು.

ಹದಿನೈದು ದಿನ ಆ ಮನೆಯಲ್ಲಿ ಕೈಗಳದೇ ಕಾರುಬಾರು. ಹಂಪಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ 'ನೀರು' ಎನ್ನುತ್ತಿದ್ದರು. ಸಿದ್ದಲಿಂಗೇಶ ಸ್ಟೇರಿಂಗ್ ಹಿಡಿದ ಕೈಯಲ್ಲೇ ಅಭ್ಯಾಸ ಮಾಡಲು ಹೋಗಿ ಕ್ಲೀನರನಿಂದ ಬೈಸಿಕೊಂಡ.

ರಜೆಗೆ ಬಂದ ಮಗಳಿಗೆ ಗಂಗಾಂಬಿಕಾ ಹೊಸ್ತಿಲಲ್ಲೇ ಕೈಯಲ್ಲಿ 'ಹಸಿವಾಯ್ತಾ?' ಎಂದು ಕೇಳಿದಳು. ಐಶ್ವರ್ಯ ಬೆರಗಾಗಿ ನಿಂತಳು. ಆಮೇಲೆ ಅವಳ ಕೈಗಳು ಹರಿದ ರಭಸಕ್ಕೆ ತಾಯಿಗೆ ಹತ್ತರಲ್ಲಿ ಒಂದು ಮಾತು ತಿಳಿಯಿತು. ಉಳಿದ ಒಂಬತ್ತನ್ನು ಹುಡುಗಿ ರಜೆ ಪೂರ್ತಿ ಅವ್ವನ ಬೆರಳು ಹಿಡಿದು, ತಿದ್ದಿ, ಕೆಲವೊಮ್ಮೆ ಗದರಿ ಕಲಿಸಿದಳು.

ರಜೆ ಮುಗಿಯಿತು. ಬಳ್ಳಾರಿಯ ಗೇಟಿನ ಮುಂದೆ ಐಶ್ವರ್ಯ ಎಂದಿನಂತೆ ಸೆರಗು ಹಿಡಿದಳು. ಗಂಗಾಂಬಿಕಾ ಮಂಡಿಯೂರಿ ಕೂತು, ಎರಡು ವರ್ಷ ಎದೆಯಲ್ಲಿ ಹೊತ್ತ ಮಾತನ್ನು ಕೈಗೆ ತಂದಳು: 'ನಾನು ಬರ್ತೀನಿ. ನಿನ್ನ ಮನೆಗೆ ಕರಕೊಂಡು ಹೋಗ್ತೀನಿ.'

ಹುಡುಗಿ ಆ ಕೈಗಳನ್ನೇ ದಿಟ್ಟಿಸಿದಳು. ಸೆರಗು ಬಿಟ್ಟು ಕೇಳಿದಳು: 'ಯಾವಾಗ?'

ಮುಂದಿನ ರಜೆ ಸಂಕ್ರಾಂತಿಗೆ, ಆದರೆ ಸಿ.ಡಿ.ಯ ಮುನ್ನೂರು ಮಾತುಗಳಲ್ಲಿ ಸಂಕ್ರಾಂತಿ ಇರಲಿಲ್ಲ. ಪ್ರತಿ ಸಂಕ್ರಾಂತಿಗೂ ಸಿದ್ದಲಿಂಗೇಶ ಕಂಪ್ಲಿಯಿಂದ ಕಬ್ಬಿನ ಕಟ್ಟು ತರುತ್ತಿದ್ದ, ಮಗಳು ಅದನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಿದ್ದಳು. ಅದು ನೆನಪಾದದ್ದೇ ಗಂಗಾಂಬಿಕಾ ಗೇಟಿನ ಕಾವಲುಗಾರ ನೋಡುತ್ತಿದ್ದರೂ ನಾಚದೆ, ಗಾಳಿಯಲ್ಲಿ ಉದ್ದನೆಯ ಕಬ್ಬು ಹಿಡಿದು, ಕಚ್ಚಿ, ಸಿಪ್ಪೆ ಸಿಗಿದು, ಪಕ್ಕಕ್ಕೆ ಉಗಿದಳು.

ಐಶ್ವರ್ಯ ಜೋರಾಗಿ ನಕ್ಕಳು. ತಾನೂ ಒಂದು ಕಬ್ಬು ಸಿಗಿದಳು. ಅಂಗಳದಲ್ಲಿದ್ದ ಗೆಳತಿಗೆ ಆ ಹೊಸ ಮಾತನ್ನು ತೋರಿಸಲು ಒಳಗೆ ಓಡಿದಳು. ಈ ಸಲ ಆ ಗೇಟಿನ ಮುಂದೆ ಅತ್ತವಳು ಗಂಗಾಂಬಿಕಾ ಒಬ್ಬಳೇ.