ಕ್ವಾಶ್ ಆದ ಆದೇಶ

ಧಾರವಾಡದಿಂದ ವಕೀಲ ಶಿವಾಜಿಯವರ ಮೆಸೇಜು ಬಂದಾಗ ಮಂಗಲ ರೊಟ್ಟಿ ಬಡಿಯುತ್ತಿದ್ದಳು. ‘ಆರ್ಡರ್ ಕ್ವಾಶ್ಡ್. ಇನ್ನೊಂದು ಕೇಸಿನಲ್ಲಿದ್ದೇನೆ, ಸಂಜೆ ಮಾತಾಡುವೆ.’

ಸ್ಟೇ ಎಂದರೆ ಕಾಗವಾಡದ ಸುತ್ತ ಎಲ್ಲರಿಗೂ ಗೊತ್ತು. ಬದುವಿನ ಜಗಳಕ್ಕೂ ಜನ ಸ್ಟೇ ತರುತ್ತಾರೆ. ಕ್ವಾಶ್ ಎಂಬುದನ್ನು ಅವಳು ಕೇಳಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಅವಳನ್ನು ಅಂಗನವಾಡಿ ಕೆಲಸದಿಂದ ತೆಗೆದಿದ್ದರು. ಜೈನರ ಹೆಂಗಸು, ತತ್ತಿ ಮುಟ್ಟುವುದಿಲ್ಲ, ಮಕ್ಕಳಿಗೆ ಕೊಡದೆ ಎಸೆಯುತ್ತಾಳೆ ಎಂದು ಯಾರೋ ಅರ್ಜಿ ಬರೆದರು. ಮೇಲಿನವರು ಅವಳನ್ನು ಒಂದು ಮಾತೂ ಕೇಳದೆ ಆದೇಶ ಹೊರಡಿಸಿದರು. ನಿಜವೆಂದರೆ ಅವಳೇ ತತ್ತಿ ಕುದಿಸಿ, ಸುಲಿದು ಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ ಒಲೆಯ ಮುಂದೆ ಕೂರುತ್ತಿದ್ದಳು. ಅತ್ತೆಗೆ ಮಾತ್ರ, ಕುದಿಸುವವಳು ಸಹಾಯಕಿ ಎಂದು ಹೇಳಿದ್ದಳು. ಆದೇಶದ ವಿರುದ್ಧ ಧಾರವಾಡದ ಹೈಕೋರ್ಟಿಗೆ ಹೋಗಿ, ಕುದಿಸುವವಳು ನಾನೇ ಎಂದು ಅಫಿಡವಿಟ್ ಕೊಟ್ಟ ದಿನ ಆ ಸುಳ್ಳು ಮುಗಿಯಿತು. ಅಂದಿನಿಂದ ಅತ್ತೆಯ ಅಡುಗೆ ಬೇರೆ.

“ಅಪೂರ್ವ, ಇದೇನ ನೋಡವಾ. ಕೆಲಸ ಉಳೀತೋ ಹೋತೋ?”

ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದ ಮಗಳು ಮೊಬೈಲಿನಲ್ಲಿ ನಿಘಂಟು ತೆಗೆದಳು.

“ನಿನ್ನ ತಗದ ಆದೇಶಾನ ರದ್ದ ಮಾಡ್ಯಾರ ಬೇ!” ಎಂದು ಅಪೂರ್ವ ಕುಣಿದಳು.

“ಸ್ಟೇ ಬಂದಾಗೂ ಹಿಂಗ ಕುಣದಿದ್ದಿ. ಮೂರ ತಿಂಗಳಿಗೆ ಅದೂ ಹೋತು.”

“ಸ್ಟೇ ಅಂದ್ರ ಬರೇ ತಡಿಯೂದು. ಇದು ಜೋರ ಐತಿ. ಲ್ಯಾಟಿನ್ನಿನ ಎರಡ ಶಬ್ದ ಕೂಡ್ಯಾವಂತ. ಒಂದಕ್ಕ ಪೊಳ್ಳು ಅಂತ ಅರ್ಥ, ಇನ್ನೊಂದಕ್ಕ ಅಲ್ಲಾಡಿಸಿ ಚೂರ ಮಾಡೂದು. ಫ್ರೆಂಚರಿಂದ ಇಂಗ್ಲಿಷಿಗೆ ಬಂದೈತಿ. ಆದೇಶ, ತೀರ್ಪು ಇಂಥಾವಕ್ಕ ಹಚ್ಚತಾರ. ದಂಗೆ ಹತ್ತಿಕ್ಕಿದ್ರೂ, ಗಾಳಿಸುದ್ದಿ ಅಡಗಿಸಿದ್ರೂ ಇದ ಶಬ್ದ.”

“ಒಡದಿದ್ದ ಮತ್ತ ಜೋಡಸಾಕ ಬರ್ತೈತೇನ?”

“ಅವರು ಮ್ಯಾಲಿನ ಕೋರ್ಟಿಗೆ ಹೋಗಬೌದು. ಆದ್ರ ಇವತ್ತ ಆ ಆದೇಶ ಇಲ್ಲ. ಕಾಗದ ಐತಿ, ಜೀವ ಇಲ್ಲ.”

ಮಂಗಲ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. ಹೆಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಅಪೂರ್ವ ಒಲೆ ಆರಿಸಿದಳು.

ಪಡಸಾಲೆಯಿಂದ ಅತ್ತೆ ಕೂಗಿದರು: “ಏನಂತ? ಮತ್ತ ತತ್ತಿ ಕುದಸಾಕ ಹೋಗಾಕ್ಯೇನ?”

ಇಷ್ಟು ವರ್ಷದಲ್ಲಿ ಇದನ್ನು ಮುಖಕ್ಕೆ ಹೇಳುವ ಪ್ರಸಂಗ ಬಂದಿರಲಿಲ್ಲ. “ಹೌದ್ರಿ ಅತ್ತಿ. ನಾನ ಕುದಸ್ತೇನ್ರಿ.”

“ಕುದಸು. ನನ್ನ ತಾಟ ಮುಟ್ಟಬ್ಯಾಡ ಅಷ್ಟ.”

“ಆಯೀನ್ನ ಕ್ವಾಶ್ ಮಾಡೂದು ಯಾ ಕೋರ್ಟಿಗೂ ಆಗೂದಿಲ್ಲ ಬೇ,” ಎಂದು ಅಪೂರ್ವ ಅಜ್ಜಿಗೆ ಕೇಳದಂತೆ ಪಿಸುಗುಟ್ಟಿದಳು. ಮಂಗಲಳಿಗೆ ನಗು ತಡೆಯಲಾಗಲಿಲ್ಲ; ಹಿಟ್ಟಿನ ಕೈ ಬಾಯಿಗೆ ಹೋಗಿ ಮೀಸೆ ಮೂಡಿತು.

“ಏನ ನಗತೀರಿ ಅಲ್ಲಿ?”

“ಏನಿಲ್ರಿ,” ಎಂದಳು ಮಂಗಲ. “ಕೆಲಸ ತಿರುಗಿ ಬಂತ್ರಿ.”